ಕ್ಷಯ ಮನೆತನದ ರೋಗವೇ?



ಹೆಣ್ಣು ನೋಡಲು ಹೋಗುವ ಮುಂಚೆ ನಮ್ಮ ಕಡೆ ನೆಂಟರು ಗುಟ್ಟಾಗಿ ವಿಚಾರಿಸುವ ಮಾತೊಂದಿದೆ: "ಅವರ ಮನೆತನದಾಗ ಟಿಬಿ ಐತೇನು?" ಅಜ್ಜನಿಗೆ ಎಂದೋ ಬಂದು ವಾಸಿಯಾದ ರೋಗ ಮೊಮ್ಮಗಳ ಮದುವೆಗೆ ಅಡ್ಡ ಬರುತ್ತದೆ. ಕುಲದಿಂದ ಮನುಷ್ಯನನ್ನು ಅಳೆಯುವುದನ್ನು ಪ್ರಶ್ನಿಸಿದ ಕನಕದಾಸರ ಕಾಗಿನೆಲೆಯಲ್ಲಿ ಈ ಮಾತನ್ನು ಬಿಚ್ಚಿ ನೋಡಲೇಬೇಕು.

ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಹೆಸರು ಕೇಳಿದ್ದೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿದ ಕ್ಷಯದ ಆಸ್ಪತ್ರೆ ಅದು. ಅವರೂ ಅವರ ಮೂವರು ಹೆಣ್ಣುಮಕ್ಕಳೂ ಇದೇ ರೋಗಕ್ಕೆ ಬಲಿಯಾದರು. ಅರಮನೆಯಲ್ಲಿ ಅನ್ನಕ್ಕಾಗಲಿ ವೈದ್ಯರಿಗಾಗಲಿ ಕೊರತೆ ಇರಲಿಲ್ಲ. ಹಾಗಾದರೆ ರಕ್ತದಲ್ಲೇ ಬಂದಿತ್ತೆ? ಆ ಒಂದು ಕುಟುಂಬವನ್ನು ನೋಡಿ ಹೇಳಲಾಗದು. ತಾಯಿ ಮಕ್ಕಳು ವಂಶವಾಹಿಯನ್ನೂ ಹಂಚಿಕೊಳ್ಳುತ್ತಾರೆ, ಒಂದೇ ಕೋಣೆಯ ಗಾಳಿಯನ್ನೂ ಉಸಿರಾಡುತ್ತಾರೆ. ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ.

ಇವೆರಡನ್ನೂ ಬೇರ್ಪಡಿಸಲು ವಿಜ್ಞಾನಿಗಳು ಅವಳಿಗಳನ್ನು ನೋಡಿದರು. ಬ್ರಿಟನ್ನಿನ ಅವಳಿಗಳ ಮಾಹಿತಿಯನ್ನು 1978ರಲ್ಲಿ ಕಾಮ್‌ಸ್ಟಾಕ್ ಎಂಬ ಸಂಶೋಧಕ ಮತ್ತೆ ಪರಿಶೀಲಿಸಿದಾಗ, ಒಬ್ಬರಿಗೆ ಕ್ಷಯವಿದ್ದರೆ ಇನ್ನೊಬ್ಬರಿಗೂ ಬರುವ ಸಂಭವ ತದ್ರೂಪಿ ಅವಳಿಗಳಲ್ಲಿ ತದ್ರೂಪಿಗಳಲ್ಲದ ಅವಳಿಗಳಿಗಿಂತ ಸುಮಾರು ಎರಡು ಪಟ್ಟಿತ್ತು. ವಂಶವಾಹಿಗೆ ಪಾತ್ರ ಇದೆ ಎಂಬುದು ಖಚಿತ.

ವಂಶವಾಹಿಯ ಈ ಪಾತ್ರ ನಡೆಯುವುದು ಶ್ವಾಸಕೋಶದ ಒಳಗೆ. ರೋಗಾಣುವನ್ನು ಮ್ಯಾಕ್ರೋಫೇಜ್ ಎಂಬ ಕಣ ನುಂಗುತ್ತದೆ, ಆದರೆ ರೋಗಾಣು ಅದರೊಳಗೇ ಬದುಕಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಕಳಿಸಿದ ಮೇಲೆ ಮ್ಯಾಕ್ರೋಫೇಜ್‌ಗೆ ಅದನ್ನು ಕೊಲ್ಲುವ ಶಕ್ತಿ ಬರುತ್ತದೆ. ಈ ಸಂದೇಶದ ದಾರಿಯಲ್ಲಿರುವ ವಂಶವಾಹಿ ಪೂರ್ತಿ ಕೆಟ್ಟಿದ್ದರೆ ಮಗು ಈ ಬಗೆಯ ದುರ್ಬಲ ರೋಗಾಣುವಿಗೂ ತತ್ತರಿಸುತ್ತದೆ. ಅಂಥವರು ತೀರಾ ವಿರಳ. ನಮ್ಮ ನಿಮ್ಮಲ್ಲಿರುವುದು ಸಣ್ಣಪುಟ್ಟ ವ್ಯತ್ಯಾಸ, ಅದೂ ಎಲ್ಲ ಜಾತಿ, ಎಲ್ಲ ಮನೆತನಗಳಲ್ಲಿ ಹರಡಿದೆ. ತದ್ರೂಪಿ ಅವಳಿಗಳನ್ನು ಬಿಟ್ಟರೆ ಒಂದೇ ತಾಯಿಯ ಇಬ್ಬರು ಮಕ್ಕಳಲ್ಲೂ ಅದು ಒಂದೇ ಆಗಿರುವುದಿಲ್ಲ. ರೋಗಾಣು ಹೊಕ್ಕವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇ. 5ರಿಂದ 10 ಮಾತ್ರ.

ಯಾರು ಕಾಯಿಲೆ ಬೀಳುತ್ತಾರೆ ಎಂಬುದರಲ್ಲಿ ಊಟದ ಬಲ ಎಷ್ಟು ದೊಡ್ಡದು ನೋಡಿ. ಜಾರ್ಖಂಡಿನಲ್ಲಿ ರೋಗಿಗಳ ಮನೆಯವರಿಗೆ ಹೆಚ್ಚುವರಿ ಆಹಾರ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಯಾರ ವಂಶವಾಹಿಯೂ ಬದಲಾಗಿರಲಿಲ್ಲ! ಹೊಟ್ಟೆ ತುಂಬ ಊಟ, ಗಾಳಿಯಾಡುವ ಮನೆ, ಸಕ್ಕರೆ ಕಾಯಿಲೆಯ ಹತೋಟಿ ಇವು ನಮ್ಮ ಕೈಯಲ್ಲಿವೆ. ಹುಡುಗಿಯ ಮನೆತನ ಕೆದಕುವವರು ಇವನ್ನೇಕೆ ಕೇಳುವುದಿಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

ವಂಶವಾಹಿ ದಿನನಿತ್ಯದ ಚಿಕಿತ್ಸೆಗೆ ತಾಕುವ ಜಾಗ ಬೇರೆಯೇ ಇದೆ. ಕ್ಷಯಕ್ಕೆ ಕೊಡುವ ಐಸೋನಯಾಜಿಡ್ ಮಾತ್ರೆಯನ್ನು ಯಕೃತ್ತು ಕರಗಿಸುವ ವೇಗವನ್ನು ಎನ್ಎಟಿ2 ಎಂಬ ವಂಶವಾಹಿ ನಿರ್ಧರಿಸುತ್ತದೆ. ದಕ್ಷಿಣ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದನ್ನು ನಿಧಾನವಾಗಿ ಕರಗಿಸುವವರು. ಇಂಥವರಿಗೆ ಯಕೃತ್ತಿನ ತೊಂದರೆಯ ಸಂಭವ ಸ್ವಲ್ಪ ಹೆಚ್ಚು. ಹಾಗಾಗಿ ಮಾತ್ರೆ ನುಂಗುವಾಗ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಔಷಧ ಬದಲಿಸುವುದನ್ನು, ಮತ್ತೆ ಶುರು ಮಾಡುವುದನ್ನು ಅವರೇ ಹೇಳಬೇಕು. ಮನೆಯಲ್ಲಿ ಒಬ್ಬರಿಗೆ ಕ್ಷಯ ಕಂಡರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಕಾಯಿಲೆ ಇಲ್ಲದವರಿಗೆ ಮುಂಜಾಗ್ರತೆಯ ಮಾತ್ರೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರನ್ನು ಕೇಳಿ.