ಒಂದೊಂದು ಮೈಗೂ ಒಂದೊಂದು ಲೆಕ್ಕ

ನಿಮಗೆ 106 ಡಿಗ್ರಿ ಜ್ವರ ಬಂತು ಎಂದುಕೊಳ್ಳಿ. ಮನೆಯೆಲ್ಲ ಗಾಬರಿ. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾಳೆ, ಅಪ್ಪ ಆಟೋ ಕರೆತರಲು ಓಡುತ್ತಾನೆ, ಅಜ್ಜಿ ದೇವರಿಗೆ ಮುಡಿಪು ಕಟ್ಟುತ್ತಾಳೆ. ಅದೇ ಹೊತ್ತಿಗೆ ಹಿತ್ತಿಲಿನ ಕೋಳಿ ಅದೇ 106 ಡಿಗ್ರಿ ಮೈಬಿಸಿಯಲ್ಲಿ ತಿಪ್ಪೆ ಕೆದಕುತ್ತಾ, ಹುಳ ಸಿಕ್ಕಾಗ ಮರಿಗಳನ್ನು ಕರೆಯುತ್ತಾ ಓಡಾಡಿಕೊಂಡಿರುತ್ತದೆ. ಅದಕ್ಕೆ ಜ್ವರವಿಲ್ಲ. ಕೋಳಿಯ ಮೈ ಇರಬೇಕಾದದ್ದೇ ಅಷ್ಟು ಬಿಸಿ.

ಮನುಷ್ಯರ ಡಾಕ್ಟರು 98.6 ಎಂಬ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. ಪಶುವೈದ್ಯರಿಗೆ ಅಷ್ಟು ಸಾಲದು. ಆನೆಗೆ ಸುಮಾರು 97, ಹಸುವಿಗೆ 101.5, ಮೇಕೆಗೆ 102ರ ಮೇಲೆ. ಎದೆಬಡಿತವೂ ಹಾಗೆಯೇ. ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 30ರಿಂದ 40 ಸಲ ಬಡಿಯುತ್ತದೆ. ಆಸ್ಪತ್ರೆಗೆ ಬಂದ ಬೆಕ್ಕಿನ ಎದೆ 140 ದಾಟಿ 200ರ ಹತ್ತಿರ ಹೋದರೂ ಆಶ್ಚರ್ಯವಿಲ್ಲ. ಕುದುರೆಗೆ 80 ಆದರೆ ವೈದ್ಯರಿಗೆ ಚಿಂತೆ. ಬೆಕ್ಕಿಗೆ 80 ಆದರೂ ಚಿಂತೆ, ಆದರೆ ಅದು ಬೇರೆಯದೇ ಚಿಂತೆ. ಒಂದಕ್ಕೆ ಬಡಿತ ಏರಿದೆ, ಇನ್ನೊಂದಕ್ಕೆ ಇಳಿದಿದೆ.

ಕಾಯಿಲೆ ಯಾವುದು ಎಂದು ತಿಳಿಯಬೇಕಾದರೆ ಮೊದಲು ಆರೋಗ್ಯ ಹೇಗಿರುತ್ತದೆ ಎಂದು ತಿಳಿದಿರಬೇಕು. ಅದೂ ಒಂದೊಂದು ಮೈಗೆ ಬೇರೆ ಬೇರೆಯಾಗಿ. ಪ್ರಾಣಿಗಳ ಡಾಕ್ಟರಾಗುವ ಓದು ಇಲ್ಲಿಂದ ಶುರುವಾಗುತ್ತದೆ.

ಆನೆಯ ಜ್ವರ ನೋಡುವುದು ಹೇಗೆ?

ಹಸುವಿಗೆ, ನಾಯಿಗೆ ಬಾಲದ ಕೆಳಗೆ ಥರ್ಮಾಮೀಟರ್ ಇಟ್ಟು ಜ್ವರ ನೋಡುತ್ತಾರೆ. ಆನೆಗೆ? ಹಿಂದೆ ನಿಂತು ಬಾಲ ಎತ್ತಲು ಎಲ್ಲ ಆನೆಗಳೂ ಒಪ್ಪುವುದಿಲ್ಲ. ಅದಕ್ಕೆ ಆನೆ ವೈದ್ಯರು ಸೊಗಸಾದ ಉಪಾಯ ಕಂಡುಕೊಂಡಿದ್ದಾರೆ. ಆನೆ ಲದ್ದಿ ಹಾಕುವವರೆಗೆ ಕಾಯುತ್ತಾರೆ. ಬಿದ್ದ ಕೂಡಲೇ, ಹಬೆಯಾಡುತ್ತಿರುವ ಆ ಉಂಡೆಯ ನಡುವೆ ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ. ಹೊಟ್ಟೆಯೊಳಗಿನ ಬಿಸಿ ಇನ್ನೂ ಅದರಲ್ಲಿರುತ್ತದೆ. ತಡಮಾಡಿದರೆ ಆರಿಹೋಗಿ ಲೆಕ್ಕ ತಪ್ಪುತ್ತದೆ. ರಕ್ತ ಬೇಕಾದರೆ ಕಿವಿಯ ಹಿಂಬದಿ ನೋಡುತ್ತಾರೆ. ಅಲ್ಲಿ ರಕ್ತನಾಳಗಳು ಎದ್ದು ಕಾಣುತ್ತವೆ. ಶಿವಮೊಗ್ಗದ ಹತ್ತಿರ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದಾಗ, ಸ್ನಾನಕ್ಕಿಳಿದ ಆನೆಯ ಕಿವಿಯ ಹಿಂಬದಿಯನ್ನು ಗಮನಿಸಿ ನೋಡಿ. ಮರದ ಬೇರಿನಂತೆ ಹರಡಿದ ಗೆರೆಗಳು ದೂರದಿಂದಲೇ ಕಾಣಿಸುತ್ತವೆ.

ಮೂಳೆಗಳ ಪಕ್ಕ ಮೂಳೆ

ಇದನ್ನೆಲ್ಲ ಎಲ್ಲಿ ಕಲಿಯುತ್ತಾರೆ? ಪ್ರಾಣಿವೈದ್ಯವನ್ನು ಕಾಲೇಜಿನಲ್ಲಿ ಕೂತು ಕಲಿಯುವ ಪದ್ಧತಿ ಫ್ರಾನ್ಸಿನ ಲಿಯಾನ್ ಊರಿನಲ್ಲಿ ಶುರುವಾಯಿತು. ಕುದುರೆ ಸವಾರಿ ಕಲಿಸುತ್ತಿದ್ದ ಕ್ಲಾಡ್ ಬೂರ್ಜೆಲಾ ಎಂಬವರು 1761ರಲ್ಲಿ ಅದಕ್ಕೆ ಅಡಿಪಾಯ ಹಾಕಿದರು. ಆ ಕಾಲದಲ್ಲಿ ಯುರೋಪಿನ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಒಂದು ರೋಗವಿತ್ತು. ನಮ್ಮ ಹಳ್ಳಿಗಳ ಹಿರಿಯರು ಅದನ್ನು ದೊಡ್ಡರೋಗ ಎನ್ನುತ್ತಿದ್ದರು; ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. ಲಸಿಕೆ ಹಾಕುತ್ತಾ, ಹಿಂಡು ಹಿಂಡನ್ನೂ ಪರೀಕ್ಷಿಸುತ್ತಾ, ದೇಶದೇಶಗಳ ಪಶುವೈದ್ಯರು ಕೊನೆಗೆ ಆ ರೋಗವನ್ನು ಭೂಮಿಯಿಂದಲೇ ಅಳಿಸಿದರು. ಅದು ಮುಗಿಯಿತು ಎಂದು ಜಗತ್ತು ಸಾರಿದ್ದು 2011ರಲ್ಲಿ. ಕಳೆದು ನೋಡಿ: ಮೊದಲ ಶಾಲೆಯಿಂದ ಅಲ್ಲಿಗೆ ಸರಿಯಾಗಿ 250 ವರ್ಷ.

ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಈಗ ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಇಂಥ ಕಾಲೇಜುಗಳಿವೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಇಲ್ಲಿ ಐದೂವರೆ ವರ್ಷ ಕಲಿಯುತ್ತಾರೆ. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಆ ವರ್ಷವೆಲ್ಲ ಹಿರಿಯ ವೈದ್ಯರ ಜೊತೆ ನಿಂತು ಕೈಯಾರೆ ಕೆಲಸ ಮಾಡಬೇಕು.

ಮೊದಲ ವರ್ಷ ಮೇಜಿನ ತುಂಬ ಮೂಳೆಗಳು. ಎತ್ತಿನ ಕಾಲಿನ ಮೂಳೆ, ಅದರ ಪಕ್ಕ ಕುದುರೆಯದು, ಅದರ ಪಕ್ಕ ನಾಯಿಯದು, ಕೊನೆಗೆ ಕೋಳಿಯದು. ಒಂದನ್ನು ಚೆನ್ನಾಗಿ ತಿಳಿದುಕೊಂಡು ಉಳಿದವು ಎಲ್ಲಿ ಬೇರೆ ಎಂದು ಹುಡುಕುತ್ತಾರೆ. ಹುಡುಕಿದಷ್ಟೂ ಬೆರಗು. ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಕುದುರೆಗೆ ಪಿತ್ತಕೋಶವಿಲ್ಲ. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ. ಹಾಗಾಗಿ ತಿನ್ನಬಾರದ್ದನ್ನು ತಿಂದರೆ ಅದಕ್ಕೆ ಬರುವ ಹೊಟ್ಟೆನೋವು ಬಲು ಅಪಾಯದ್ದು.

ಒಂದು ಮಾತ್ರೆ, ಹಲವು ಹೊಟ್ಟೆ

ಮೈ ಬೇರೆಯಾದರೆ ಔಷಧಿಯ ಲೆಕ್ಕವೂ ಬೇರೆ. ಪ್ರಾಣಿಗಳಿಗೆ ಮಂಪರು ಬರಿಸುವ ಕ್ಸೈಲಜೀನ್ ಎಂಬ ಔಷಧಿ ಇದೆ. ಅಷ್ಟೇ ತೂಕದ ಕುದುರೆಗೆ ಕೊಡುವುದರಲ್ಲಿ ಹತ್ತರಲ್ಲೊಂದು ಪಾಲು ಹಸುವಿಗೆ ಸಾಕು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದನ್ನು ನುಂಗಿದ ಬೆಕ್ಕಿನ ರಕ್ತ ಉಸಿರಿನ ಆಮ್ಲಜನಕವನ್ನು ಹೊರಲಾರದೆ ಸೋಲುತ್ತದೆ. ಪ್ರೀತಿಯಿಂದ ಕೊಟ್ಟ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಆದ್ದರಿಂದ ನಿಮ್ಮ ಬೆಕ್ಕು ಎಷ್ಟೇ ಸಪ್ಪಗಿರಲಿ, ಮನೆಯ ಮಾತ್ರೆಯನ್ನು ಮಾತ್ರ ಕೊಡಬೇಡಿ.

ಇಂಥದೇ ಒಂದು ಲೆಕ್ಕ ತಿಳಿಯದೆ ಇಡೀ ಆಕಾಶವೇ ಬರಿದಾದ ಕತೆ ಹೇಳುತ್ತೇನೆ. 1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ಸಾಯತೊಡಗಿದವು. ಏಕೆಂದು ಯಾರಿಗೂ ಗೊತ್ತಾಗಲಿಲ್ಲ. ಸತ್ತ ಹದ್ದುಗಳ ಒಳಗೆ ನೋಡಿದಾಗ ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಅದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಟ್ಟ ಹಕ್ಕಿಗಳಲ್ಲಿ ಹೀಗಾಗುತ್ತದೆ. ಆದರೆ ಅದನ್ನು ಕೆಡಿಸಿದ್ದು ಯಾವುದು? ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ತಂಡ ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಪರೀಕ್ಷಿಸಿ 2004ರಲ್ಲಿ ಉತ್ತರ ಕೊಟ್ಟಿತು. ದನಗಳ ನೋವಿಗೆ ಡೈಕ್ಲೊಫೆನಾಕ್ ಎಂಬ ಔಷಧಿ ಕೊಡುತ್ತಿದ್ದರು. ಅದನ್ನು ಪಡೆದ ದನ ಸತ್ತಾಗ ಹದ್ದುಗಳು ಬಂದು ತಿನ್ನುತ್ತಿದ್ದವು. ದನದ ನೋವು ಕಳೆಯುವ ಔಷಧಿ ಹದ್ದಿಗೆ ವಿಷವಾಗಿತ್ತು. 2006ರಲ್ಲಿ ಭಾರತ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಕಟ್ಟುವ ಹದ್ದುಗಳಿಗಾಗಿ 2012ರಲ್ಲಿ ಧಾಮವನ್ನೇ ಮಾಡಿದರು.

ಸತ್ತ ಪ್ರಾಣಿಯನ್ನು ಪರೀಕ್ಷಿಸಿ, ಏಕೆ ಸತ್ತಿತು ಎಂದು ಕಂಡುಹಿಡಿಯುವುದು ಒಂದು ದೊಡ್ಡ ವಿದ್ಯೆ. ಅದು ಪೆಥಾಲಜಿ ಎಂಬ ವಿಭಾಗದ ಕೆಲಸ. ಅದನ್ನು ಕಲಿತವರು ಸತ್ತ ಒಂದು ಜೀವದಿಂದ ಬದುಕಿರುವ ನೂರು ಜೀವಗಳಿಗೆ ಬೇಕಾದ ಸುದ್ದಿ ತರುತ್ತಾರೆ.

ಇಷ್ಟೊಂದು ಮೈ, ಇಷ್ಟೊಂದು ಲೆಕ್ಕ. ಎಲ್ಲವನ್ನೂ ಒಂದೇ ತಲೆ ಆಳವಾಗಿ ಹಿಡಿದಿಟ್ಟುಕೊಳ್ಳುವುದು ಹೇಗೆ? ಆಗದು. ಅದಕ್ಕೇ ಐದೂವರೆ ವರ್ಷ ಎಲ್ಲವನ್ನೂ ಕಲಿತ ಮೇಲೆ ಕೆಲವರು ಮತ್ತೆ ಎರಡು ವರ್ಷ ಒಂದೇ ವಿಷಯ ಹಿಡಿದು ಓದುತ್ತಾರೆ. ಅದು ಎಂ.ವಿ.ಎಸ್ಸಿ. ಒಬ್ಬರು ಶಸ್ತ್ರಚಿಕಿತ್ಸೆ ಆರಿಸಿಕೊಂಡರೆ ಇನ್ನೊಬ್ಬರು ಗರ್ಭ ಮತ್ತು ಹೆರಿಗೆಯ ವಿದ್ಯೆ. ಮತ್ತೊಬ್ಬರು ಹುಳ ಹುಪ್ಪಟೆಗಳದ್ದು, ಮಗದೊಬ್ಬರು ಕಾಡುಪ್ರಾಣಿಗಳದ್ದು. ಪಿಎಚ್.ಡಿ.ಯನ್ನೂ ಮಾಡಿದರೆ ಓದಿದ ವರ್ಷಗಳು ಹತ್ತನ್ನು ದಾಟುತ್ತವೆ.

ಗೌರಿ ಎಂಬ ಹಸು

ಈ ತಜ್ಞರೆಲ್ಲ ಕೂಡಿ ಕೆಲಸ ಮಾಡುವುದು ಹೇಗೆ ಎಂದು ನೋಡಲು, ಕಾಲೇಜಿನ ಆಸ್ಪತ್ರೆಗೆ ಗೌರಿ ಎಂಬ ಹಸು ಬಂತು ಎಂದಿಟ್ಟುಕೊಳ್ಳೋಣ. ಅದನ್ನು ಕರೆತಂದವರು ಅದರ ಯಜಮಾನಿ. ಮೊದಲು ಮಾತಾಡಿಸುವವರು ಮೆಡಿಸಿನ್ ವಿಭಾಗದ ವೈದ್ಯೆ.

"ಅಮ್ಮಾ, ಎಷ್ಟು ದಿನದಿಂದ ಮೇವು ಬಿಟ್ಟಿದೆ? ಮೆಲುಕು ಹಾಕ್ತಿದೆಯಾ?"

"ಇಲ್ಲ ಡಾಕ್ಟ್ರೇ. ಹೊಟ್ಟೆ ಉಬ್ಬತ್ತೆ, ಇಳಿಯತ್ತೆ, ಮತ್ತೆ ಉಬ್ಬತ್ತೆ. ಹಾಲೂ ಇಳಿದುಹೋಗಿದೆ."

ವೈದ್ಯೆ ಗೌರಿಯ ಮೂತಿ ಮುಟ್ಟುತ್ತಾರೆ. ಆರೋಗ್ಯದ ಹಸುವಿನ ಮೂತಿಯ ಮೇಲೆ ಇಬ್ಬನಿಯಂತೆ ತೇವದ ಹನಿಗಳಿರುತ್ತವೆ. ಗೌರಿಯ ಮೂತಿ ಒಣಗಿದೆ. ಆಮೇಲೆ ಎಡ ಮಗ್ಗುಲಿಗೆ ಸ್ಟೆತಸ್ಕೋಪ್ ಇಡುತ್ತಾರೆ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ನೂರು ಲೀಟರಿಗೂ ಹೆಚ್ಚು ಹಿಡಿಯುವಂಥದ್ದು. ಅದರ ಹೆಸರು ರೂಮೆನ್. ನಿಮಿಷಕ್ಕೆ ಒಂದೆರಡು ಸಲ ಅದು ಹೊರಳಿ ಮೇವನ್ನು ಕಲಕುತ್ತದೆ. ಆಗ ಕೇಳುವ ಸದ್ದು ಬೆಟ್ಟದಾಚೆ ಗುಡುಗಿದಂತೆ. ಗೌರಿಯ ಹೊಟ್ಟೆಯಲ್ಲಿ ಗುಡುಗು ನಿಂತಿದೆ.

ಒಳಗೆ ಮೊಳೆ, ತಂತಿ ಏನಾದರೂ ಚುಚ್ಚಿದೆಯೇ? ಅದಕ್ಕೂ ಒಂದು ಪರೀಕ್ಷೆ ಇದೆ. ಭುಜದ ಹಿಂದಿನ ಬೆನ್ನ ಚರ್ಮವನ್ನು ಗಟ್ಟಿಯಾಗಿ ಹಿಡಿದೆಳೆದರೆ ಆರೋಗ್ಯದ ಹಸು ಬೆನ್ನು ತಗ್ಗಿಸುತ್ತದೆ. ಒಳಗೆ ತಂತಿ ಚುಚ್ಚಿದ್ದರೆ ನೋವಿಗೆ ಹೆದರಿ ಬೆನ್ನು ತಗ್ಗಿಸುವುದಿಲ್ಲ. ನುಂಗಿದ ತಂತಿ ಹೋಗಿ ಕೂರುವುದು ಎರಡನೆಯ ಕೋಣೆಯಲ್ಲಿ. ಅದರ ಒಳಮೈ ಜೇನುಹುಟ್ಟಿನಂತಿರುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ಒಂದು ತೆಳು ಪರದೆ ಮಾತ್ರ. ಕೆಲವು ದೇಶಗಳಲ್ಲಿ ಹಸುವಿಗೆ ನಯವಾದ ಅಯಸ್ಕಾಂತವೊಂದನ್ನು ನುಂಗಿಸಿಬಿಡುತ್ತಾರೆ. ಅದು ಆ ಕೋಣೆಯಲ್ಲೇ ಉಳಿದು, ಬಂದ ಮೊಳೆ ತಂತಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ!

ಗೌರಿ ಬೆನ್ನು ತಗ್ಗಿಸುತ್ತದೆ. ಹಾಗಾದರೆ ತಂತಿಯ ಅನುಮಾನ ಕಡಿಮೆ. ಪ್ಲಾಸ್ಟಿಕ್ ಇರಬಹುದು. ಸ್ಕ್ಯಾನ್ ಮಾಡುವ ತಜ್ಞರು ಇನ್ನೊಂದು ಸುದ್ದಿ ಹೇಳುತ್ತಾರೆ: ಗೌರಿ ಗರ್ಭಿಣಿ, ಕರುವಿನ ಹೃದಯ ಬಡಿಯುತ್ತಿದೆ. ಈಗ ಪ್ರತಿ ಔಷಧಿಯನ್ನೂ ಎರಡು ಜೀವಗಳಿಗೆ ಲೆಕ್ಕ ಹಾಕಬೇಕು.

ಮುಂದಿನ ಕೆಲಸ ಶಸ್ತ್ರಚಿಕಿತ್ಸಕರದು. ಮನುಷ್ಯರನ್ನು ಮಲಗಿಸಿ ಆಪರೇಷನ್ ಮಾಡುತ್ತಾರೆ. ಗೌರಿಯನ್ನು ನಿಲ್ಲಿಸಿಯೇ ಮಾಡುತ್ತಾರೆ, ಟ್ರೆವಿಸ್ ಎಂಬ ಕಬ್ಬಿಣದ ಕೊಳವೆಗಳ ಕಟ್ಟಿನೊಳಗೆ. ಏಕೆ ಗೊತ್ತೇ? ಹಸುವನ್ನು ಮಗ್ಗುಲಿಗೆ ಉರುಳಿಸಿ ಮಲಗಿಸಿದರೆ ಹೊಟ್ಟೆಯ ಗಾಳಿ ತೇಗಾಗಿ ಸರಿಯಾಗಿ ಹೊರಬರುವುದಿಲ್ಲ. ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಬೆನ್ನುಮೂಳೆಯ ಪಕ್ಕ ನರಗಳು ಹೊರಡುವಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಎಡ ಮಗ್ಗುಲಿಗೆ ಮಾತ್ರ ನೋವು ತಿಳಿಯುವುದಿಲ್ಲ. ಯಜಮಾನಿ ಮುಂದೆ ನಿಂತು ಗಂಗೆದೊಗಲು ಸವರುತ್ತಿರುತ್ತಾರೆ. ಗೌರಿ ಎಚ್ಚರವಾಗಿಯೇ ನಿಂತಿರುತ್ತದೆ.

ಸುತ್ತ ವಿದ್ಯಾರ್ಥಿಗಳು. ಒಬ್ಬಳು ಕೂದಲು ಬೋಳಿಸಿ, ಸೋಪು ಹಚ್ಚಿ, ಅಯೋಡಿನ್ ಬಳಿದು ಜಾಗ ಶುಚಿ ಮಾಡುತ್ತಾಳೆ. ಒಬ್ಬ ಎದೆಬಡಿತ ಎಣಿಸುತ್ತಾನೆ. ಎಂ.ವಿ.ಎಸ್ಸಿ. ಓದುತ್ತಿರುವವನು ಹಿರಿಯರ ಎದುರು ನಿಂತು ಕೈಜೋಡಿಸುತ್ತಾನೆ. ಇಲ್ಲಿಗೆ ಬರುವ ಮೊದಲು ಅವನು ಬಟ್ಟೆಯ ಮೇಲೆ, ಸ್ಪಂಜಿನ ಮೇಲೆ ಸಾವಿರ ಸಲ ಹೊಲಿಗೆ ಹಾಕಿ ಕಲಿತಿದ್ದಾನೆ. ಸಡಿಲವಾದರೆ ಗಾಯ ಬಾಯಿಬಿಡುತ್ತದೆ, ಬಿಗಿಯಾದರೆ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಎರಡರ ನಡುವಿನ ಹದವನ್ನು ಬೆರಳಿಗೆ ಬೆರಳೇ ಕಲಿಸಬೇಕು.

ರೂಮೆನ್ನಿನ ಗೋಡೆಯನ್ನು ಹೊರಗೆಳೆದು, ಒಳಗಿನ ಕೊಳೆ ಹೊಟ್ಟೆಯ ಗೂಡಿಗೆ ಚೆಲ್ಲದಂತೆ ಭದ್ರಪಡಿಸಿ ಕೊಯ್ಯುತ್ತಾರೆ. ವೈದ್ಯರ ಕೈ ಭುಜದವರೆಗೆ ಒಳಗೆ ಹೋಗುತ್ತದೆ. ಹೊರಬರುವುದು ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ ಚೀಲಗಳು. ಒಂದು ಬಕೆಟ್ ತುಂಬುತ್ತದೆ. ಇನ್ನೊಂದು. ಕೆಲವು ಚೀಲಗಳ ಬಾಯಿಗೆ ಹಾಕಿದ ಗಂಟು ಇನ್ನೂ ಹಾಗೆಯೇ ಇದೆ.

ಹೊಲಿಗೆ ಮುಗಿದರೂ ಗೌರಿಯ ಹೊಟ್ಟೆ ತಾನಾಗಿ ಬೇಗ ಕೆಲಸ ಹಿಡಿಯುವುದಿಲ್ಲ. ಹುಲ್ಲನ್ನು ಅರಗಿಸುವುದು ರೂಮೆನ್ನಿನಲ್ಲಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು, ಅವು ಸೊರಗಿಹೋಗಿವೆ. ಆಗ ಆರೋಗ್ಯದ ಇನ್ನೊಂದು ಹಸುವಿನ ರೂಮೆನ್ನಿನಿಂದ ಬೆಚ್ಚಗಿನ ರಸ ತೆಗೆದು ಗೌರಿಗೆ ಕುಡಿಸುತ್ತಾರೆ. ಹಾಲಿಗೆ ಹೆಪ್ಪು ಹಾಕಿದಂತೆಯೇ ಇದು. ಅಕ್ಕನ ಮನೆಯ ಹೆಪ್ಪು ತಂಗಿಯ ಮನೆಗೆ. ಒಂದೆರಡು ದಿನದಲ್ಲಿ ವಿದ್ಯಾರ್ಥಿನಿಯೊಬ್ಬಳು ಸ್ಟೆತಸ್ಕೋಪ್ ಇಟ್ಟಾಗ ದೂರದ ಗುಡುಗು ಮತ್ತೆ ಕೇಳುತ್ತದೆ. ಗೌರಿ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತದೆ.

ಬಾಳೆಹಣ್ಣಿನ ಸಿಪ್ಪೆ

ಗೌರಿ ಪ್ಲಾಸ್ಟಿಕ್ ತಿಂದದ್ದೇಕೆ? ಮೊದಲ ವರ್ಷದ ಮೂಳೆಗಳ ಮೇಜಿಗೆ ಹಿಂತಿರುಗೋಣ. ಹಸುವಿಗೆ ಮೇಲೆ ಮುಂದಿನ ಹಲ್ಲಿಲ್ಲ. ಅದು ನಾಲಗೆಯಿಂದ ಮೇವನ್ನು ಸುತ್ತಿ ಎಳೆದು, ಹೆಚ್ಚು ಅಗಿಯದೆ ನುಂಗುತ್ತದೆ. ಅಗಿಯುವ ಕೆಲಸ ಆಮೇಲೆ, ಮೆಲುಕು ಹಾಕುವಾಗ. ಚೀಲದೊಳಗೆ ಬಾಳೆಹಣ್ಣಿನ ಸಿಪ್ಪೆ, ಉಳಿದ ಅನ್ನ ಇದೆ ಎಂದು ಮೂಗಿಗೆ ತಿಳಿಯುತ್ತದೆ. ಗಂಟು ಬಿಚ್ಚಲು ಕೈಯಿಲ್ಲ. ಚೀಲ ಸಮೇತ ನುಂಗುತ್ತದೆ.

ನಿಮಗೆ ಕೈಯಿದೆ. ಇವತ್ತು ಸಂಜೆ ಅಡುಗೆಮನೆಯಲ್ಲಿ ಸಿಪ್ಪೆಯನ್ನು ಚೀಲಕ್ಕೆ ಕಟ್ಟಿಟ್ಟಿದ್ದರೆ ಗಂಟು ಬಿಚ್ಚಿ, ಸಿಪ್ಪೆಯನ್ನು ಹಸಿ ಕಸದ ಬುಟ್ಟಿಗೆ ಸುರಿದು ಚೀಲವನ್ನು ಒಣ ಕಸಕ್ಕೆ ಹಾಕಿ.

ಆಮೇಲೆ ಸಾಧು ಹಸುವೊಂದಿರುವ ಮನೆಗೆ ಹೋಗಿ. ಹಸುವಿನವರನ್ನು ಕೇಳಿ, ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಅದರ ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದಿನ ತಗ್ಗಿನಲ್ಲಿ ನಿಮ್ಮ ಮುಷ್ಟಿ ಒತ್ತಿಡಿ. ಸ್ವಲ್ಪ ಕಾಯಿರಿ. ಒಳಗಿನಿಂದ ಏನೋ ನಿಧಾನವಾಗಿ ನಿಮ್ಮ ಮುಷ್ಟಿಯನ್ನು ಎತ್ತಿ ಇಳಿಸುತ್ತದೆ. ಗಡಿಯಾರ ನೋಡುತ್ತಾ ಎರಡು ನಿಮಿಷ ಎಣಿಸಿ. ಎಷ್ಟು ಸಲ ಎತ್ತಿತು ಎಂದು ಪುಸ್ತಕದಲ್ಲಿ ಬರೆದಿಡಿ, ಹಸುವಿನ ಹೆಸರಿನ ಜೊತೆಗೆ. ಹಸುವಿನ ಪಕ್ಕ ಮೊದಲ ಸಲ ನಿಂತ ಪಶುವೈದ್ಯ ವಿದ್ಯಾರ್ಥಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದೂ ಈ ಲೆಕ್ಕವನ್ನೇ.