ಕಾಲುದಾರಿಯೆಂಬ ಸಾರ್ವಜನಿಕ ಆಸ್ತಿ
(ಭಾಷಣದ ಬರಹರೂಪ)



ಬಾದಾಮಿಯಿಂದ ಮಹಾಕೂಟಕ್ಕೆ ವಾಹನದಲ್ಲಿ ಹೊರಟವರು ಗುಡ್ಡವನ್ನು ಬಳಸಿ 12-14 ಕಿ.ಮೀ. ಸಾಗಬೇಕಾಗುತ್ತದೆ. ಗುಡ್ಡ ಹತ್ತಿ ಇಳಿಯುವ ಹಳೆಯ ಕಾಲುದಾರಿ ಹಿಡಿದವರಿಗೆ ಆ ದೂರ ಸುಮಾರು 5 ಕಿ.ಮೀ. ಮಾತ್ರ. ಈ ದಾರಿಯಲ್ಲಿ ಒಂದು ದಿನ ನಡೆದು ಸಂಜೆಗೆ ಶಿವಯೋಗ ಮಂದಿರ ಸೇರುವವನು ಕಾಣುವುದೇನು?

ನಸುಕಿನಲ್ಲಿ ಅಗಸ್ತ್ಯ ತೀರ್ಥದ ದಂಡೆಯಿಂದ ಹೊರಟರೆ ಕೆಂಪು ಮರಳುಗಲ್ಲಿನ ಏರು. ಮೇಲೆ ತೆಳುವಾದ ಮಣ್ಣು, ಕುರುಚಲು ಗಿಡ, ಕಾದ ಬಂಡೆ, ನೀರು ವಿರಳ. ಗುಡ್ಡ ಇಳಿದು ಮಹಾಕೂಟ ತಲುಪಿದಾಗ ವಿಷ್ಣು ಪುಷ್ಕರಿಣಿಯಲ್ಲಿ ಬತ್ತದ ಒರತೆ. ಬಂಡೆಯ ಬಿರುಕುಗಳಲ್ಲಿ ಇಳಿದ ಮಳೆನೀರೇ ಬುಡದಲ್ಲಿ ಚಿಮ್ಮುತ್ತದೆ. ವಾಹನದಲ್ಲಿ ಬಂದವನಿಗೆ ಹೊಂಡವಷ್ಟೇ ಕಾಣುತ್ತದೆ. ನಡೆದು ಬಂದವನಿಗೆ ಆ ಹೊಂಡವನ್ನು ತುಂಬುವ ಗುಡ್ಡವೂ ತಿಳಿಯುತ್ತದೆ. ಕ್ರಿ.ಶ. 602ರಲ್ಲಿ ಚಾಲುಕ್ಯ ಮಂಗಲೇಶನು ಇಲ್ಲಿ ನಿಲ್ಲಿಸಿದ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಅಲ್ಲಿಂದ ಮುಂದೆ ಕಾಡಿನೊಳಗೆ ನಾಗನಾಥನಕೊಳ್ಳದ ಗುಡಿ. ಹೊತ್ತು ಇಳಿಯುವಾಗ ಮಲಪ್ರಭೆಯ ದಂಡೆ, ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರ, ಅದರ ಗೋಶಾಲೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ 2019ರ ಆಗಸ್ಟ್‌ನಲ್ಲಿ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನುಗ್ಗಿತ್ತು.

ಇಂತಹ ದಾರಿಗಳು ತಾವಾಗಿ ಉಳಿಯುವುದಿಲ್ಲ. ಇಂಗ್ಲೆಂಡಿನ ಉದಾಹರಣೆ ನೋಡಬಹುದು. ಅಲ್ಲಿ ಸಿರಿವಂತರ ಹಕ್ಕಿಬೇಟೆಗಾಗಿ ಮೀಸಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕರು, ಯುವಕರು ಅಪ್ಪಣೆಯಿಲ್ಲದೆ ಹತ್ತಿದರು. ಐವರಿಗೆ ಸೆರೆವಾಸವಾಯಿತು. 1949ರ ಕಾಯ್ದೆಯು ಕಾಲುದಾರಿಗಳನ್ನು ಅಳೆದು ನಕ್ಷೆಗೆ ಸೇರಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. 1965ರ ಏಪ್ರಿಲ್ 24ರಂದು ಸುಮಾರು 430 ಕಿ.ಮೀ. ಉದ್ದದ ‘ಪೆನೈನ್ ವೇ’ ಕಾಲುದಾರಿ ತೆರೆಯಿತು. ನಕ್ಷೆಗೆ ಸೇರಿದ ಹಾದಿ ಹೊಲದ ನಡುವೆ ಹಾದರೂ, ಕಾನೂನಿನ ಆದೇಶವಿಲ್ಲದೆ ಹೊಲದೊಡೆಯ ಅದನ್ನು ಮುಚ್ಚುವಂತಿಲ್ಲ.

ನಡಿಗೆಯ ಪರಂಪರೆ ಈ ನಾಡಿಗೆ ಹೊಸದಲ್ಲ. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಇಂದಿಗೂ ಶ್ರೀಶೈಲಕ್ಕೆ ದಿನಗಟ್ಟಲೆ ನಡೆದುಹೋಗುತ್ತಾರೆ. ದಾಖಲೆಯೂ ಇದೆ: ಕಂದಾಯ ಗ್ರಾಮಗಳ ನಕ್ಷೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆಗೆರೆಗಳಿಂದ ಗುರುತಿಸಲಾಗಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ, ಅನ್ಯರ ಸ್ವತ್ತಲ್ಲದ ದಾರಿಗಳು ಸರಕಾರದ ಆಸ್ತಿ. ಆದರೂ ಒಂದು ಮುಳ್ಳುತಂತಿ, ಒಂದು ಕಲ್ಲುಗಣಿ, ಒಂದು ಹಂಗಾಮಿನ ನೇಗಿಲು ಸಾಕು, ದಾರಿ ಅಳಿದುಹೋಗಲು. ನಡೆಯುವವರಿಲ್ಲದಿದ್ದರೆ ಕೇಳುವವರೂ ಇರುವುದಿಲ್ಲ. ಆಗ ಕುರಿಗಾಹಿಗೆ, ಸೌದೆ ಹೊರುವ ಹೆಣ್ಣುಮಗಳಿಗೆ, ಶಾಲೆಗೆ ಹೋಗುವ ಮಗುವಿಗೆ ಸುತ್ತುದಾರಿಯೇ ಗತಿ.

ಆದುದರಿಂದ ವಿದ್ಯಾರ್ಥಿಗಳು ತಮ್ಮ ಊರಿನ ಗ್ರಾಮನಕ್ಷೆಯನ್ನು ಭೂಮಾಪನ ಕಚೇರಿಯಿಂದ ಪಡೆಯಲಿ. ಹಿರಿಯರನ್ನು ಜೊತೆಗೆ ಕರೆದುಕೊಂಡು ಆ ಚುಕ್ಕೆಗಳ ಮೇಲೆ ನಡೆಯಲಿ. ಮುಚ್ಚಿದ ದಾರಿಗಳ ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡಲಿ. ನಡೆಯುವವರು ಗುಡ್ಡದಲ್ಲಿ ಪ್ಲಾಸ್ಟಿಕ್ ಬಿಡದಿರಲಿ, ಬೇಸಿಗೆಯಲ್ಲಿ ಬೆಂಕಿ ಹಚ್ಚದಿರಲಿ. ವರ್ಷಕ್ಕೊಮ್ಮೆಯಾದರೂ ಊರೆಲ್ಲ ಕೂಡಿ ನಡೆದ ದಾರಿಗೆ ಬೇಲಿ ಹಾಕುವ ಧೈರ್ಯ ಯಾರಿಗೂ ಸುಲಭವಾಗಿ ಬಾರದು.