ಬ್ಯಾಟ್ ಎಸೆದರೆ ಅವಮಾನ, ಪಕ್ಕೆಗೆ ಹೊಡೆದರೆ ಸಂಸ್ಕಾರ!

ಇವತ್ತಿನ ಮಾತು ಕ್ರಿಕೆಟ್ ಬಗ್ಗೆ ಅಲ್ಲ, ಬೇಸ್‌ಬಾಲ್ ಬಗ್ಗೆ. ರಿಮೋಟ್‌ಗೆ ಕೈ ಹಾಕಬೇಡಿ, ಸ್ವಲ್ಪ ಹೊತ್ತು ಕೊಡಿ. ಆಟ ಅಮೆರಿಕದ್ದೇ ಇರಬಹುದು, ಜಗಳ ಮಾತ್ರ ನಮಗೆಲ್ಲ ಚೆನ್ನಾಗಿ ಗೊತ್ತಿರೋದೇ. ಗೆದ್ದವನು ಎಷ್ಟು ಕುಣಿಯಬಹುದು? ಸೋತವನು ಎಷ್ಟು ಸಹಿಸಿಕೊಳ್ಳಬೇಕು? ಆ ಅಳತೆ ಹಾಕೋರು ಯಾರು? ಇಷ್ಟೇ ವಿಷಯ. ಅಬ್ಬರದ ಬಗ್ಗೆ ನ್ಯೂಸ್ ಚಾನೆಲ್‌ನವನು ಮಾತಾಡ್ತಾನಲ್ಲಾ ಅಂತ ನಗ್ತೀರಾ? ನಗಿ, ಪರವಾಗಿಲ್ಲ. ಆದರೆ ಕೇಳಿ.

2015ರ ಅಕ್ಟೋಬರ್ 14. ಕೆನಡಾದ ಟೊರಾಂಟೊ. ಬ್ಲೂ ಜೇಸ್ ಮತ್ತು ಟೆಕ್ಸಾಸ್ ರೇಂಜರ್ಸ್ ನಡುವೆ ಐದನೇ ಪಂದ್ಯ, ನಿರ್ಣಾಯಕ ಪಂದ್ಯ. ಸೋತವರು ಗಂಟುಮೂಟೆ ಕಟ್ಟಬೇಕು. ಟೊರಾಂಟೊ ತಂಡ 22 ವರ್ಷಗಳ ನಂತರ ಈ ಹಂತಕ್ಕೆ ಬಂದಿದೆ. ಏಳನೇ ಇನ್ನಿಂಗ್ಸ್‌ನಲ್ಲಿ ಸ್ಕೋರು 3-3. ಆಗ ಹೊಸೆ ಬಟಿಸ್ಟಾ ಅನ್ನೋ ಆಟಗಾರ ಬೀಸಿದ ನೋಡಿ, ಚೆಂಡು ಸೀದಾ ಗ್ಯಾಲರಿಗೆ. ಹೋಮ್ ರನ್! ಒಂದೇ ಹೊಡೆತಕ್ಕೆ ಮೂರು ರನ್. ಬಟಿಸ್ಟಾ ಓಡಲಿಲ್ಲ. ಒಂದು ಕ್ಷಣ ನಿಂತ, ದುರುಗುಟ್ಟಿ ನೋಡಿದ, ಬ್ಯಾಟನ್ನು ಗಾಳಿಗೆ ಎಸೆದ, ಆಮೇಲೆ ಓಡಿದ. ಟೊರಾಂಟೊ 6-3ರಿಂದ ಗೆದ್ದಿತು. ಕ್ರೀಡಾಂಗಣ ಹುಚ್ಚೆದ್ದು ಕುಣಿಯಿತು.

ನಮ್ಮ ಕಣ್ಣಿಗೆ ಇದರಲ್ಲಿ ಏನು ತಪ್ಪು ಕಾಣುತ್ತೆ ಹೇಳಿ? ಏನೂ ಇಲ್ಲ. ಆದರೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಅದು ಮಹಾಪರಾಧ. ಏಳು ತಿಂಗಳು ಕಳೆಯಿತು. 2016ರ ಮೇ 15, ಆ ವರ್ಷ ಲೀಗ್ ಹಂತದಲ್ಲಿ ಈ ಎರಡು ತಂಡಗಳು ಎದುರಾಗುವ ಕೊನೆಯ ಪಂದ್ಯ. ಎಂಟನೇ ಇನ್ನಿಂಗ್ಸ್‌ನಲ್ಲಿ ರೇಂಜರ್ಸ್ ಪಿಚರ್ ಎಸೆದ ಚೆಂಡು ಬಟಿಸ್ಟಾ ಮೈಗೆ ಬಡಿಯಿತು. ಸಿಟ್ಟಿಗೆದ್ದ ಬಟಿಸ್ಟಾ ಎರಡನೇ ಬೇಸ್‌ಗೆ ಜಾರುವಾಗ ಅಲ್ಲಿದ್ದ ರೌಗ್ನೆಡ್ ಒಡೋರ್ ಕಾಲಿಗೆ ನುಗ್ಗಿದ. ಒಡೋರ್ ದವಡೆಗೆ ಒಂದು ಗುದ್ದಿದ. ಮೈದಾನ ಕುಸ್ತಿ ಅಖಾಡ ಆಯಿತು. ಒಡೋರ್‌ಗೆ ಎಂಟು ಪಂದ್ಯಗಳ ನಿಷೇಧ, ಆಮೇಲೆ ಅದು ಏಳಕ್ಕೆ ಇಳಿಯಿತು. ಎಲ್ಲದಕ್ಕೂ ಮೂಲ ಯಾವುದು? ಗಾಳಿಯಲ್ಲಿ ತಿರುಗಿದ ಒಂದು ಮರದ ಬ್ಯಾಟು.

ಇದಕ್ಕೆ ಅಲ್ಲಿ ಅಲಿಖಿತ ನಿಯಮ ಅಂತಾರೆ. ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಎಲ್ಲರಿಗೂ ಗೊತ್ತು. ಹೋಮ್ ರನ್ ಹೊಡೆದರೆ ನಿಂತು ನೋಡಬಾರದು. ಬ್ಯಾಟ್ ಎಸೆಯಬಾರದು. ಬೇಸ್‌ಗಳನ್ನು ಸುತ್ತುವಾಗ ಮೆರವಣಿಗೆ ಮಾಡಬಾರದು. ದೊಡ್ಡ ಮುನ್ನಡೆ ಇದ್ದಾಗ ಬೇಸ್ ಕದಿಯಬಾರದು. ಮುರಿದರೆ? ನೀವು ಅಥವಾ ನಿಮ್ಮ ತಂಡದ ಇನ್ನೊಬ್ಬ ಮುಂದಿನ ಸಲ ಬ್ಯಾಟ್ ಹಿಡಿದು ನಿಂತಾಗ ಚೆಂಡು ನೇರ ಮೈಗೆ ಬರುತ್ತೆ. ತಪ್ಪು, ವಿಚಾರಣೆ, ಶಿಕ್ಷೆ ಎಲ್ಲವೂ ಪಿಚರ್ ಕೈಯಲ್ಲೇ.

ಹಳಬರ ವಾದವನ್ನೂ ಕೇಳೋಣ. ಅವರೇನು ಮೂರ್ಖರಲ್ಲ. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯ. ಇವತ್ತು ಹೊಡೆದವನು ನಾಳೆ ಸೊನ್ನೆ ಸುತ್ತುತ್ತಾನೆ. ಸಾವಿರಾರು ಜನರ ನಡುವೆ ದಿಬ್ಬದ ಮೇಲೆ ಒಬ್ಬನೇ ನಿಂತಿರೋ ಪಿಚರ್ ಆಗಲೇ ಸೋತಿದ್ದಾನೆ, ಗಾಯದ ಮೇಲೆ ಉಪ್ಪು ಯಾಕೆ ಸವರ್ತೀರಿ ಅನ್ನೋದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಹ್ಯಾಂಕ್ ಆ್ಯರನ್ ಅವರನ್ನು ನೆನಪಿಸಿಕೊಳ್ಳಿ. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದರು. ಕಪ್ಪು ಮನುಷ್ಯನೊಬ್ಬ ಬಿಳಿಯರ ಆರಾಧ್ಯದೈವದ ದಾಖಲೆ ಮುರೀತಾನಾ ಅಂತ ಅವರಿಗೆ ರಾಶಿ ರಾಶಿ ದ್ವೇಷದ ಪತ್ರಗಳು, ಕೊಲೆ ಬೆದರಿಕೆಗಳು ಬಂದಿದ್ದವು. ಕುಣಿಯೋಕೆ, ಎದೆ ತಟ್ಟಿಕೊಳ್ಳೋಕೆ ಅವರಿಗಿಂತ ಹೆಚ್ಚು ಹಕ್ಕು ಯಾರಿಗಿತ್ತು? ಅವರು ಬ್ಯಾಟ್ ಕೆಳಗಿಟ್ಟು ತಲೆ ತಗ್ಗಿಸಿ ಓಡಿದರು. ದಾರಿಯಲ್ಲಿ ಎದುರಾಳಿ ಡಾಡ್ಜರ್ಸ್ ಆಟಗಾರರೇ ಕೈ ಕುಲುಕಿದರು. ಇವತ್ತು ಆ ದೃಶ್ಯ ನೋಡಿದರೂ ಮೈ ಜುಮ್ ಅನ್ನುತ್ತೆ. ಹಳೇ ಶೈಲಿಗೆ ಒಂದು ಘನತೆ ಇದೆ, ಒಪ್ಪಿದೆ.

ಆದರೆ ಆ ವಿನಯ ಆ್ಯರನ್ ಅವರದೇ. ಪಕ್ಕೆಲುಬು ಮುರಿಯುತ್ತೆ ಅನ್ನೋ ಭಯಕ್ಕೆ ಬಂದದ್ದಲ್ಲ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ನಾನು ಓದಿದ್ದು ಎಂಜಿನಿಯರಿಂಗ್. ಸ್ವಲ್ಪ ಲೆಕ್ಕ ಹಾಕೋಣ, ಬೇಜಾರು ಮಾಡ್ಕೋಬೇಡಿ. ಬೇಸ್‌ಬಾಲ್ ಚೆಂಡಿನ ತೂಕ ಸುಮಾರು 145 ಗ್ರಾಂ. ಗಂಟೆಗೆ 95 ಮೈಲಿ, ಅಂದರೆ 153 ಕಿ.ಮೀ. ವೇಗ ಇಂದಿನ ಪಿಚರ್‌ಗಳಿಗೆ ಮಾಮೂಲು. ಪಿಚರ್‌ಗೂ ಬ್ಯಾಟ್ಸ್‌ಮನ್‌ಗೂ ನಡುವೆ 18.44 ಮೀಟರ್. ಚೆಂಡು ತಲುಪೋಕೆ ಬೇಕಾದ ಸಮಯ ಸುಮಾರು 0.4 ಸೆಕೆಂಡ್. ಕ್ರಿಕೆಟ್‌ನ ಹಾಗೆ ನೆಲಕ್ಕೆ ಬಿದ್ದು ವೇಗ ಕಳೆದುಕೊಂಡು ಬರೋದಿಲ್ಲ, ನೇರವಾಗಿ ಬರುತ್ತೆ. ಅದರ ಚಲನಶಕ್ತಿ ಸುಮಾರು 130 ಜೂಲ್. ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ನಿಮ್ಮ ಮನೆಯ ಖಾಲಿ ಗ್ಯಾಸ್ ಸಿಲಿಂಡರನ್ನು ಸೊಂಟದೆತ್ತರದಿಂದ ಬಿಟ್ಟರೆ ನೆಲಕ್ಕೆ ಎಷ್ಟು ಪೆಟ್ಟು ಬೀಳುತ್ತೋ ಹೆಚ್ಚುಕಡಿಮೆ ಅಷ್ಟು. ಅದು ಒಂದು ಮುಷ್ಟಿಯಷ್ಟು ಜಾಗದಲ್ಲಿ. ಮನುಷ್ಯನ ಮೈ ಮೇಲೆ. ಇದಕ್ಕೆ 'ಪಾಠ ಕಲಿಸೋದು' ಅಂತ ಹೆಸರು!

ಸಾವು ಆಗಿಲ್ವಾ? ಆಗಿದೆ ಸ್ವಾಮಿ. 1920ರ ಆಗಸ್ಟ್ 16, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್. ಯಾಂಕೀಸ್ ಪಿಚರ್ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಬಡಿಯಿತು. ಸದ್ದು ಎಷ್ಟು ಜೋರಾಗಿತ್ತು ಅಂದರೆ ಬ್ಯಾಟಿಗೆ ತಗುಲಿತು ಅಂದುಕೊಂಡು ಮೇಸ್ ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದರು. 17ರ ನಸುಕಿನಲ್ಲಿ ಚಾಪ್‌ಮನ್ ತೀರಿಕೊಂಡರು. ವಯಸ್ಸು 29. ಅದು ಸೇಡಿನ ಎಸೆತ ಅಂತ ನಾನು ಹೇಳ್ತಿಲ್ಲ. ಚೆಂಡಿಗೆ ಸೇಡು, ಅಚಾತುರ್ಯ ಅನ್ನೋ ವ್ಯತ್ಯಾಸ ಗೊತ್ತಿಲ್ಲ ಅಂತ ಹೇಳ್ತಿದ್ದೇನೆ.

ಈಗ ಈ ತಾರೀಖು ನೋಡಿ. 2020ರ ಆಗಸ್ಟ್ 17. ಚಾಪ್‌ಮನ್ ಸತ್ತು ಸರಿಯಾಗಿ ನೂರು ವರ್ಷ. ಅದೇ ದಿನ ಟೆಕ್ಸಾಸ್‌ನಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಎಂಟನೇ ಇನ್ನಿಂಗ್ಸ್‌ನಲ್ಲಿ 10-3ರಿಂದ ಮುಂದಿತ್ತು. ಮೂರೂ ಬೇಸ್ ಭರ್ತಿ. ಪಿಚರ್ ಆಗಲೇ ಮೂರು ಕೆಟ್ಟ ಎಸೆತ ಎಸೆದಿದ್ದಾನೆ. ಇನ್ನೊಂದು ಕೆಟ್ಟರೆ ಬ್ಯಾಟ್ಸ್‌ಮನ್‌ಗೆ ಬೇಸ್ ಉಚಿತ, ಹಾಗಾಗಿ ನೇರ ಚೆಂಡು ಬರೋದು ಖಚಿತ. ದೊಡ್ಡ ಮುನ್ನಡೆ ಇರುವಾಗ ಅಂಥ ಚೆಂಡಿಗೆ ಬ್ಯಾಟ್ ಬೀಸಬಾರದು ಅನ್ನೋದು ಅಲಿಖಿತ ನಿಯಮ. 21 ವರ್ಷದ ಫರ್ನಾಂಡೊ ಟಾಟಿಸ್ ಜೂನಿಯರ್ ಬೀಸಿದ. ಗ್ರ್ಯಾಂಡ್ ಸ್ಲ್ಯಾಮ್! ನಾಲ್ಕು ರನ್. ಮುಂದಿನ ಬ್ಯಾಟ್ಸ್‌ಮನ್ ಮ್ಯಾನಿ ಮಚಾಡೊ. ಅವನ ಬೆನ್ನ ಹಿಂದೆ ಚೆಂಡು ಹಾದುಹೋಯಿತು. ಹೊಡೆದವನು ಒಬ್ಬ, ಗುರಿ ಇನ್ನೊಬ್ಬ! ಪಿಚರ್‌ಗೆ ಮೂರು ಪಂದ್ಯ, ಮ್ಯಾನೇಜರ್‌ಗೆ ಒಂದು ಪಂದ್ಯ ನಿಷೇಧ. ಕ್ಷಮೆ ಕೇಳಿದ್ದು ಯಾರು ಗೊತ್ತಾ? ಟಾಟಿಸ್. ಚೆನ್ನಾಗಿ ಆಡಿದ್ದಕ್ಕೆ!

ಪ್ಯಾಡ್ರೆಸ್ ಉತ್ತರ ಮಾತ್ರ ಸೊಗಸಾಗಿತ್ತು. ಮುಂದಿನ ಮೂರು ದಿನವೂ ಅದೇ ರೇಂಜರ್ಸ್ ವಿರುದ್ಧ ದಿನಕ್ಕೊಂದು ಗ್ರ್ಯಾಂಡ್ ಸ್ಲ್ಯಾಮ್. ಸತತ ನಾಲ್ಕು ಪಂದ್ಯಗಳಲ್ಲಿ ಹೀಗೆ ಹೊಡೆದ ಮೊದಲ ತಂಡ ಅದು. ಅದರಲ್ಲಿ ಒಂದು ಮಚಾಡೊನದೇ. ಸೇಡು ತೀರಿಸಿಕೊಳ್ಳೋದಾದರೆ ಹೀಗೆ.

ಎಲ್ಲ ಕತೆಯೂ ಇಷ್ಟು ಚೆಂದ ಮುಗಿಯಲ್ಲ. 2014ರ ಪ್ಲೇಆಫ್‌ನಲ್ಲಿ ವಾಷಿಂಗ್ಟನ್‌ನ ಬ್ರೈಸ್ ಹಾರ್ಪರ್, ಜೈಂಟ್ಸ್ ತಂಡದ ಹಂಟರ್ ಸ್ಟ್ರಿಕ್‌ಲ್ಯಾಂಡ್ ಎಸೆತಗಳಿಗೆ ಎರಡು ಹೋಮ್ ರನ್ ಹೊಡೆದ. ಎರಡನೆಯದನ್ನು ನಿಂತು ನೋಡಿದ. ಸರಣಿ ಗೆದ್ದದ್ದು ಜೈಂಟ್ಸ್. ಆ ವರ್ಷ ಚಾಂಪಿಯನ್ ಆಗಿದ್ದೂ ಜೈಂಟ್ಸ್. ಇನ್ನೇನು ಬೇಕಿತ್ತು? ಆದರೂ ಸ್ಟ್ರಿಕ್‌ಲ್ಯಾಂಡ್ ಮರೆಯಲಿಲ್ಲ. ಮೂರು ವರ್ಷದ ನಂತರ, 2017ರ ಮೇ 29ರಂದು ಹಾರ್ಪರ್ ಸಿಕ್ಕಿದ. ಮೊದಲ ಎಸೆತವೇ ಸೊಂಟಕ್ಕೆ. ಹಾರ್ಪರ್ ಹೆಲ್ಮೆಟ್ ಕಿತ್ತೆಸೆದು ನುಗ್ಗಿದ, ಎರಡೂ ತಂಡ ಮೈದಾನಕ್ಕಿಳಿಯಿತು. ಆ ಗಲಾಟೆಯಲ್ಲಿ ಜೈಂಟ್ಸ್‌ನ ಮೈಕೆಲ್ ಮೋರ್ಸ್ ತನ್ನದೇ ತಂಡದ ಆಟಗಾರನಿಗೆ ಡಿಕ್ಕಿಯಾದ. ತಲೆಗೆ ಪೆಟ್ಟು. ಮೋರ್ಸ್ ಮತ್ತೆಂದೂ ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ಬ್ಯಾಟ್ ಎಸೆದವನಲ್ಲ, ಚೆಂಡು ಎಸೆದವನೂ ಅಲ್ಲ. ಅವನ ವೃತ್ತಿಜೀವನ ಮುಗಿಯಿತು. ಸ್ಟ್ರಿಕ್‌ಲ್ಯಾಂಡ್‌ಗೆ ಆರು ಪಂದ್ಯಗಳ ನಿಷೇಧ, ಅಷ್ಟೇ. ಗೂಳಿಗಳ ಜಗಳಕ್ಕೆ ಗಿಡ ಸತ್ತಿತು ಅನ್ನೋದು ಇದಕ್ಕೇ.

ಇನ್ನೊಂದು ಪ್ರಶ್ನೆ. ಈ ಅಲಿಖಿತ ನಿಯಮ ಬರೆದವರು ಯಾರು? 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡುವವರೆಗೆ ಸುಮಾರು ಆರು ದಶಕ ಆ ಲೀಗ್‌ಗಳಲ್ಲಿ ಕಪ್ಪು ಆಟಗಾರರಿಗೆ ಬಾಗಿಲೇ ಮುಚ್ಚಿತ್ತು. ಅದೂ ಅಲಿಖಿತ ನಿಯಮವೇ! ಎಲ್ಲೂ ಬರೆದಿರಲಿಲ್ಲ, ಎಲ್ಲರೂ ಪಾಲಿಸಿದರು. ಬಟಿಸ್ಟಾ ಡೊಮಿನಿಕನ್ ರಿಪಬ್ಲಿಕ್‌ನವನು. ಟಾಟಿಸ್ ಕೂಡ. ಅವರ ಊರುಗಳಲ್ಲಿ ಬೇಸ್‌ಬಾಲ್ ಅಂದರೆ ಡೋಲು, ಹಾಡು, ಜಾತ್ರೆ. ದಕ್ಷಿಣ ಕೊರಿಯಾದಲ್ಲಂತೂ ಬ್ಯಾಟ್ ಎಸೆಯೋದು ಮಾಮೂಲು, ಅದಕ್ಕಾಗಿ ಯಾರೂ ಯಾರ ಪಕ್ಕೆಗೂ ಹೊಡೆಯಲ್ಲ. ಮೇಜರ್ ಲೀಗ್‌ನಲ್ಲಿ ಇವತ್ತು ಸುಮಾರು ನಾಲ್ಕರಲ್ಲಿ ಒಬ್ಬ ಆಟಗಾರ ಅಮೆರಿಕದ ಹೊರಗೆ ಹುಟ್ಟಿದವನು. ಮನೆಗೆ ಕರೆದು ಊಟಕ್ಕೆ ಕೂರಿಸಿ, 'ನೀನು ನಗೋ ರೀತಿ ಸರಿಯಿಲ್ಲ' ಅಂದರೆ ಹೇಗೆ?

ಲೀಗ್‌ನ ಆಟವನ್ನೂ ನೋಡಿ. 2018ರಲ್ಲಿ ಅದೇ ಲೀಗ್ ಕೆನ್ ಗ್ರಿಫಿ ಜೂನಿಯರ್ ಅವರನ್ನು ಕೂರಿಸಿ ಜಾಹೀರಾತು ಮಾಡಿತು. ಸಾರಾಂಶ ಏನಂದರೆ, ಹುಡುಗರನ್ನು ಆಡೋಕೆ ಬಿಡಿ. ಬ್ಯಾಟ್ ತಿರುಗೋ ದೃಶ್ಯ ಟಿವಿಗೆ ಬೇಕು, ಟಿಕೆಟ್ ಮಾರೋಕೆ ಬೇಕು. ಆ ದೃಶ್ಯ ಕೊಟ್ಟವನ ಮೈಗೆ ಚೆಂಡು ಬಿದ್ದರೆ ನಾಲ್ಕಾರು ದಿನದ ನಿಷೇಧ. ಇದೆಂಥಾ ನ್ಯಾಯ ಕಣ್ರೀ?

ಹಾಗಾದರೆ ಕ್ರೀಡಾಮನೋಭಾವ ಅಂದರೇನು? 2010ರ ಜೂನ್ 2, ಡೆಟ್ರಾಯಿಟ್. ವೆನೆಜುವೆಲಾದ ಪಿಚರ್ ಅರ್ಮಾಂಡೊ ಗಲರಾಗ 26 ಬ್ಯಾಟ್ಸ್‌ಮನ್‌ಗಳನ್ನು ಸಾಲಾಗಿ ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್. ಅಲ್ಲಿಯವರೆಗಿನ 130 ವರ್ಷಗಳಲ್ಲಿ 20 ಸಲ ಮಾತ್ರ ಆಗಿದ್ದ ಸಾಧನೆ. 27ನೆಯವನೂ ಔಟಾದ, ಎಲ್ಲರಿಗೂ ಕಂಡಿತು. ಅಂಪೈರ್ ಜಿಮ್ ಜಾಯ್ಸ್ 'ಸೇಫ್' ಅಂದುಬಿಟ್ಟರು! ಗಲರಾಗ ಏನು ಮಾಡಿದ? ಮುಗುಳ್ನಕ್ಕ. ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದ. ರೀಪ್ಲೇ ನೋಡಿದ ಜಾಯ್ಸ್ ತಪ್ಪೊಪ್ಪಿಕೊಂಡು ಅವನ ಬಳಿ ಕ್ಷಮೆ ಕೇಳಿದರು. ಮರುದಿನ ಪಂದ್ಯಕ್ಕೆ ಮುಂಚೆ ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡೋಕೆ ಬಂದವನು ಅದೇ ಗಲರಾಗ. ಜಾಯ್ಸ್ ಕಣ್ಣೊರೆಸಿಕೊಂಡರು. ಹಳಬರು ಯಾವ ದೊಡ್ಡತನಕ್ಕೆ ಹಂಬಲಿಸ್ತಾರೋ ಅದನ್ನು ಮಾಡಿ ತೋರಿಸಿದ್ದು ಲ್ಯಾಟಿನ್ ಅಮೆರಿಕದ ಹುಡುಗ. ಯಾವ ಚೆಂಡೂ ಯಾರ ಮೈಗೂ ಬೀಳಲಿಲ್ಲ.

ನಮ್ಮವರೇ ಆದ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ 1980ರ ಬಾಂಬೆ ಟೆಸ್ಟ್‌ನಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡ್‌ನ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ನಾವು ಇವತ್ತಿಗೂ ಹೆಮ್ಮೆಪಡೋದು ಆ ಕರೆಯನ್ನು ನೆನೆದೇ. ಇನ್ನು 2025ರ ಏಪ್ರಿಲ್ 10. ಚಿನ್ನಸ್ವಾಮಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಡೆಲ್ಲಿ ಪರ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿ, 'ಕಾಂತಾರ' ಶೈಲಿಯಲ್ಲಿ ಬ್ಯಾಟಿನಿಂದ ವೃತ್ತ ಎಳೆದು ನೆಲಕ್ಕೆ ಊರಿದರು. ಇದು ನನ್ನ ಜಾಗ ಅಂದರು. 27ರಂದು ದೆಹಲಿಯಲ್ಲಿ ಆರ್‌ಸಿಬಿ ಗೆದ್ದಾಗ ವಿರಾಟ್ ಕೊಹ್ಲಿ ಅದೇ ವೃತ್ತ ಎಳೆಯುವಂತೆ ರಾಹುಲ್ ಮುಂದೆ ನಟಿಸಿ ಕಿಚಾಯಿಸಿದರು. ಇಬ್ಬರೂ ನಕ್ಕರು. ಲೆಕ್ಕ ಚುಕ್ತಾ! ಒಂದು ಹನಿ ರಕ್ತ ಬೀಳದೆ.

ನನ್ನ ಅಳತೆಗೋಲು ಸರಳ. ಗೆದ್ದವನು ಕುಣಿಯುವಾಗ ಅವನ ಮುಖ ಎತ್ತ ಕಡೆಗಿದೆ ನೋಡಿ. ತನ್ನವರ ಕಡೆಗಿದ್ದರೆ ಅದು ಸಂಭ್ರಮ, ಬಿಟ್ಟುಬಿಡಿ. ಸೋತವನ ಮುಖಕ್ಕೆ ಮುಖ ಕೊಟ್ಟು ಕುಣಿದರೆ ಅದು ಅಣಕ. ಟೀಕಿಸಿ, ಬೇಕಾದರೆ ದಂಡ ಹಾಕಿ, ಬಹಿರಂಗವಾಗಿ, ಬರೆದಿಟ್ಟ ನಿಯಮದ ಪ್ರಕಾರ. ಅಣಕಕ್ಕೂ ಗಂಟೆಗೆ 153 ಕಿ.ಮೀ. ವೇಗದ ಚೆಂಡು ಉತ್ತರ ಅಲ್ಲ. ಅವನು ಮುಂದಿನ ಸಲ ಬಂದಾಗ ಮೂರು ಎಸೆತಕ್ಕೆ ಔಟ್ ಮಾಡಿ, ಆಮೇಲೆ ನೀವೂ ಒಂದು ಸುತ್ತು ಕುಣಿಯಿರಿ. ಬೇಡ ಅಂದೋರು ಯಾರು?

ಮಕ್ಕಳಿಗೆ ವಿನಯ ಕಲಿಸಿ, ಖಂಡಿತ ಕಲಿಸಿ. ಆ್ಯರನ್ ಅವರನ್ನು ತೋರಿಸಿ, ವಿಶ್ವನಾಥ್ ಅವರನ್ನು ತೋರಿಸಿ. ಕೋಲು ತೋರಿಸಿ ಕಲಿಸಿದರೆ ಅವರು ಕಲಿಯೋದು ಕೋಲು ಹಿಡಿಯೋದನ್ನೇ. ಯೋಚನೆ ಮಾಡಿ.